ಕೆಂಪು ಅಂಗಿ

ಹಳಿಯಾಳ ತಾಲೂಕಿನ ನಮ್ಮೂರಲ್ಲಿ ಪಕ್ಕದ ಮನೆಯ ಸಿದ್ದಿ ಅಜ್ಜಿಯನ್ನು ನಾವೆಲ್ಲ ಆಯಿ ಅಂತೀವಿ. ಅವರ ಮನೆಯಲ್ಲಿ ಒಂದು ಪಟವಿತ್ತು. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದವರಿಗೆ, ಯೇಸುವಿನ ಮಾತು ಕೇಳಿದ ಮೇಲೆ ದೋಣಿ ಮುಳುಗುವಷ್ಟು ಮೀನು ಸಿಕ್ಕ ಪವಾಡ. ಆಯಿಯ ಗಂಡ ದಾಂಡೇಲಿ ಪೇಪರ್ ಮಿಲ್ಲಿಗೆ ಬಿದಿರು ಕಡಿಯುತ್ತಿದ್ದ ಕಾಲದಲ್ಲಿ ಹಳಿಯಾಳ ಸಂತೆಯಿಂದ ತಂದದ್ದು. ಗೆದ್ದಲು ಅಂಚು ತಿಂದಿತ್ತು.

ನಾನು ಫೋನಲ್ಲಿ ಹುಡುಕಿದೆ. ಮೂಲ ಚಿತ್ರ ರಾಫೆಲ್‌ನದು, 1515-16ರದು. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನ ಗೋಡೆಗೆ ನೇಯಿಸಬೇಕಿದ್ದ ಪರದೆಗಳಿಗೆ ಕಾಗದದ ಮೇಲೆ ಬರೆದ ಮಾದರಿ. ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಬೆಂಗಳೂರಲ್ಲಿ ಅದರ ಒಳ್ಳೇ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಒಯ್ದೆ.

"ಅಂಗಿ ಯಾಕ್ ತಮ್ಮಾ ಬಿಳೇದೈತಿ? ನಮ್ದು ಕೆಂಪಿತ್ತಲ್ಲ."

"ಆಯಿ, ಇದು ಒರಿಜಿನಲ್. ನಿಮ್ದು ನಕಲು, ಬಣ್ಣ ತಪ್ಪೈತಿ."

"ಕಲ್ತಾಂವ ಹೇಳ್ತಿ ಅಂದ್ರ ಖರೇನ ಇರಬೇಕು."

ಹಳೇದನ್ನು ನಾನೇ ನಮ್ಮ ಬಚ್ಚಲ ಒಲೆಗೆ ಹಾಕಿದೆ.

ಆಮೇಲೆ ಓದಿದಾಗ ಗೊತ್ತಾಯಿತು. ರಾಫೆಲ್ ಬರೆದ ಅಂಗಿಯೂ ಕೆಂಪೇ. ಆ ಬಣ್ಣ ಬೆಳಕಿಗೆ ನಿಲ್ಲದೆ ಮಾಸಿಹೋಗಿದೆ. ಆದರೆ ನೀರಲ್ಲಿ ಬಿದ್ದ ಅಂಗಿಯ ನೆರಳು ಇವತ್ತಿಗೂ ಕೆಂಪಗಿದೆ, ಅದಕ್ಕೆ ಬೇರೆ ಬಣ್ಣ ಬಳಸಿದ್ದ. ನೇಯ್ದ ಪರದೆಯಲ್ಲೂ ಕೆಂಪೇ. ಅಂದರೆ ಮೂಲ ಕಳಕೊಂಡಿದ್ದನ್ನ ನಕಲು ಕಾಪಾಡಿತ್ತು!

ನಮ್ಮ ಕೆಲಸದಲ್ಲಿ ಮೂಲ ಕೋಡ್ ಅಂದರೆ ಕೊನೇ ಮಾತು. ಆ ಅಭ್ಯಾಸವೇ ನನ್ನಿಂದ ಹಾಗೆ ಹೇಳಿಸಿತೇನೋ. ಆದರೆ ಚಿತ್ರಗಳು ಹಾಗೆ ಬಾಳಿಲ್ಲ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಅವು ಊರಿಂದೂರಿಗೆ ಹೋದದ್ದು ತಾಮ್ರದ ತಗಡಿನ ಮೇಲೆ ಕೊರೆದ ಅಚ್ಚಿನಿಂದ. ಫ್ರಾನ್ಸಿನ ನಿಕೊಲಾ ಡೊರಿನ್ಯಿ ಈ ಮಾದರಿಗಳಲ್ಲಿ ಉಳಿದ ಏಳನ್ನೂ ವರ್ಷಗಟ್ಟಲೆ ಕೂತು ಕೊರೆದು 1719ರಲ್ಲಿ ಮುಗಿಸಿದ. ಬರೀ ಕಪ್ಪು ಗೆರೆ. ತಗಡಿನಿಂದ ಕಾಗದಕ್ಕೆ ಬರುವಾಗ ಎಡಬಲ ತಿರುಗುವ ಪೇಚು ಬೇರೆ. ಬಣ್ಣ ತುಂಬುವ ಕೆಲಸ ಮುಂದಿನವರದು. ಆಯಿಯ ಪಟಕ್ಕೆ ಕೆಂಪು ಬಳಿದವನು ಲಂಡನ್ ನೋಡಿದ್ದನೋ ಇಲ್ಲವೋ, ಯೇಸುವಿಗೆ ಕೆಂಪು ಅಂಗಿ ಅನ್ನೋ ರೂಢಿಯಿಂದಲೇ ಬಳಿದಿರಬಹುದು. ಆದರೂ ಅವನೇ ಸರಿ. ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿಗೆ ಹೋದವರಿಗೆ ಇದು ಹೊಸದಲ್ಲ. ಅಚ್ಚಾದ ಥಂಕಾಗೂ ಲಾಮಾಗಳು ಮಂತ್ರ ಹೇಳಿ ಪ್ರಾಣ ಕೊಡುತ್ತಾರೆ.

ಸರಿತಪ್ಪು ಬಿಡಿ, ನನ್ನ ತಪ್ಪು ಅದಲ್ಲ. ಕೆಂಪು ನಿಜಕ್ಕೂ ತಪ್ಪಾಗಿದ್ದರೂ, ನಲವತ್ತು ವರ್ಷ ಒಬ್ಬರು ದಿನಾ ಕೈಮುಗಿದ ಪಟಕ್ಕೆ ನಕಲು ಅನ್ನೋಕೆ ನನಗೆ ಯಾವ ಡಿಗ್ರಿ ಅಧಿಕಾರ ಕೊಟ್ಟಿತ್ತು? ಆಯಿ ವಾದಿಸಲಿಲ್ಲ. ಕಲಿತವನು ಅಂತ ನಂಬಿಬಿಟ್ಟರು. ಅದೇ ಚುಚ್ಚೋದು.

ದೀಪಾವಳಿಗೆ ಹೋದಾಗ ಹೇಳಿದೆ, "ಆಯಿ, ನಿಮ್ದ ಖರೆ ಇತ್ರಿ." ಹೊಸ ಪಟದ ನೀರಲ್ಲಿ ಕೆಂಪು ನೆರಳು ತೋರಿಸಿದೆ. ಕಣ್ಣು ಕಿರಿದು ಮಾಡಿ, ಗಾಜಿನ ಮೇಲೆ ಬೆರಳಾಡಿಸಿ, "ಹೂಂ, ಇಲ್ಲೈತಿ ನೋಡು" ಅಂದರು.

ಆಮೇಲೆ, "ಅವರು ತಂದಿದ್ದ ಪಟ ಎಲ್ಲಿಟ್ಟಿ ತಮ್ಮಾ?"