ಹೊರಗಿನ ಬೋರ್ಡು, ಒಳಗಿನ ಪಾಠ

ಭಾಲ್ಕಿ ಕಡೆಯ ಕ್ರೈಸ್ತರು ಚಿಕ್ಕಂದಿನಿಂದ ಕೇಳುತ್ತ ಬಂದ ಮಾತೊಂದಿದೆ: ಹಾಲಿನ ಪುಡಿಗೆ ಧರ್ಮ ಬಿಟ್ಟವರು. ಅದನ್ನು ಸಿಟ್ಟಿನಿಂದಲೇ ಹೇಳಬೇಕೆಂದಿಲ್ಲ. ಚಹಾದಂಗಡಿಯಲ್ಲಿ ನಗುನಗುತ್ತಲೇ "ಏನ್ ಕೊಟ್ಟಿದ್ರಪಾ ನಿಮ್ಮ ಮುತ್ಯಾಗ?" ಎಂದು ಕೇಳುತ್ತಾರೆ. ಕೊಟ್ಟದ್ದೇನು, ಕಳೆದದ್ದೇನು ಎಂಬ ಲೆಕ್ಕವನ್ನು ಯಾರೂ ಪೂರ್ತಿ ಕೇಳಿಲ್ಲ.

ನಿಜಾಮನ ಕಾಲದಲ್ಲಿ ಮೆಥೊಡಿಸ್ಟ್ ಮಿಶನ್ನಿನವರು ಬೀದರಿಗೆ ಬಂದಾಗ ಅವರ ಮಾತಿಗೆ ಕಿವಿಗೊಟ್ಟವರು ಬಹುಪಾಲು ಮಾದಿಗ ಕೇರಿಯವರು. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗಷ್ಟೇ ಉಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಬಂದರು. ಕ್ರೈಸ್ತರಾದವರು ಹೊರಗೇ ಉಳಿದರು. ಪರಿಶಿಷ್ಟ ಜಾತಿಯ ಮೀಸಲಾತಿ ಹೋಯಿತು, ಮುಂದೆ ಬಂದ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಸಿಗಲಿಲ್ಲ. ಕೇರಿ ಮಾತ್ರ ಇದ್ದಲ್ಲೇ ಇತ್ತು. ಊರಿನವರು ಮಾತನಾಡಿಸುವ ರೀತಿಯೂ ಹಾಗೇ ಇತ್ತು. ಲಾಭಕ್ಕೆಂದು ಹೋದವರು ಇಷ್ಟಾದ ಮೇಲೆ ತಿರುಗಿ ಬರಬೇಕಿತ್ತು. ಅವರ ಮೊಮ್ಮಕ್ಕಳು ಇಂದಿಗೂ ನವೆಂಬರಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ವಿಕಾರಾಬಾದಿನ ಹತ್ತಿರದ ಧಾರೂರು ಜಾತ್ರೆಗೆ ಹೋಗುತ್ತಾರೆ. ಆ ಜಾತ್ರೆ 1923ರಿಂದ ನಡೆಯುತ್ತಿದೆ.

ಆದರೆ ಇನ್ನೊಂದು ಸತ್ಯವನ್ನೂ ಹೇಳಬೇಕು. ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ 'ಹಿಂದೂ ಮಾದಿಗ' ಎಂಬ ಜಾತಿ ಪ್ರಮಾಣಪತ್ರ ಇರುತ್ತದೆ, ಅದರ ಮೇಲೆ ಬೈಬಲ್ಲು, ಹಾಡಿನ ಪುಸ್ತಕ. ಶಾಲೆಯ ದಾಖಲೆಯಲ್ಲಿ ಮಾಣಿಕಪ್ಪ, ಸಭೆಯಲ್ಲಿ ಸ್ಯಾಮ್ಯುಯೆಲ್. ಊರು ಇವರನ್ನು ಕಪಟಿಗಳೆನ್ನುತ್ತದೆ; ಸಭೆಯ ಹಿರಿಯರು ಅಂಜುಬುರುಕರೆನ್ನುತ್ತಾರೆ. 2024ರ ನವೆಂಬರಿನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ, ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಸುಪ್ರೀಂ ಕೋರ್ಟೂ ಹೇಳಿತು.

ಇಲ್ಲಿ ನನಗೆ ನಮ್ಮ ಭಾಲ್ಕಿ ಮಠದವರೇ ಆದ ಚನ್ನಬಸವ ಪಟ್ಟದ್ದೇವರು ನೆನಪಾಗುತ್ತಾರೆ. ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು. ಆ ಬೋರ್ಡನ್ನು ಯಾರೂ ಹೇಡಿತನ ಎನ್ನುವುದಿಲ್ಲ, ಎನ್ನಲೂಬಾರದು. ಹಾಗಾದರೆ ಟ್ರಂಕಿನೊಳಗಿನ ಆ ಕಾಗದವೂ ಅಂಥದೊಂದು ಬೋರ್ಡೇ ಅಲ್ಲವೇ?

ಪೂರ್ತಿ ಅಲ್ಲ ಎಂದೇ ನನ್ನ ಅಭಿಪ್ರಾಯ. ಮಠದ ಬೋರ್ಡು ಮಕ್ಕಳ ಬಾಯಿಂದ ಕನ್ನಡವನ್ನು ಅಲ್ಲಗಳೆಸಲಿಲ್ಲ. ಈ ಕಾಗದ ಪ್ರತಿ ಅರ್ಜಿಯಲ್ಲೂ "ನಾನು ಯೇಸುವಿನವನಲ್ಲ" ಎಂದು ಬರೆಸಿಕೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ ಬರೆದ ಕೈಗೆ ಕೊನೆಗೆ ಅದು ಬರೀ ಕಾಗದವಾಗಿ ಉಳಿಯುವುದಿಲ್ಲ. ಮಗಳು ಕಾಲೇಜಿನಲ್ಲಿ ಗೆಳತಿಯರ ಎದುರು ಕೊರಳಿನ ಶಿಲುಬೆಯನ್ನು ಕುಪ್ಪಸದೊಳಗೆ ಸರಿಸಿಕೊಳ್ಳುವುದು ಅಲ್ಲಿಂದಲೇ ಶುರುವಾಗುತ್ತದೆ.

ಹಾಗೆಂದು ಜನ ನಗುತ್ತಾರೆ, ಆದ್ದರಿಂದ ನಮ್ಮದೇ ಸತ್ಯ ಎಂಬ ವಾದವನ್ನೂ ನಾನು ಒಪ್ಪಲಾರೆ. ಹೀಗಳಿಕೆ ಯಾವುದಕ್ಕೂ ಪುರಾವೆಯಲ್ಲ. ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಭಂಡಾರ ಎರಚುವ ದೊಡ್ಡವ್ವನನ್ನು ಕಂಡು ನಗುವ ಕ್ರೈಸ್ತ ತಾನು ಉಂಡ ಅವಮಾನವನ್ನೇ ಇನ್ನೊಬ್ಬರಿಗೆ ಬಡಿಸುತ್ತಾನೆ. ನಂಬಿಕೆ ಗಟ್ಟಿಯಿದ್ದವನಿಗೆ ಅದು ಬೇಕಾಗುವುದಿಲ್ಲ. ಬಸವಕಲ್ಯಾಣದ ಹರಳಯ್ಯ, ಮಧುವರಸರು ಯಾರನ್ನೂ ಹೀಗಳೆಯಲಿಲ್ಲ. ಜಾತಿ ಮೀರಿ ತಮ್ಮ ಮಕ್ಕಳ ಮದುವೆ ಮಾಡಿದರು, ಅದಕ್ಕೆ ತೆರಬೇಕಾದ್ದನ್ನು ತೆತ್ತರು. ಅವರಿಗೆ ಕೈಮುಗಿಯುವ ನಾಡಿಗೆ, ಕೇರಿಯವನೊಬ್ಬ ತನ್ನ ದೇವರನ್ನು ತಾನೇ ಆರಿಸಿಕೊಂಡದ್ದು ಅರ್ಥವಾಗದಿರಲು ಕಾರಣವಿಲ್ಲ.

ಇಷ್ಟು ಹೇಳಿ ಸ್ಯಾಮ್ಯುಯೆಲನಿಗೆ "ಹೋಗು, ಪತ್ರ ಹರಿದು ಹಾಕು" ಎನ್ನುವುದು ಸುಲಭ. ಅದರಲ್ಲೂ ಕಳೆದುಕೊಳ್ಳಲು ಪತ್ರವೇ ಇಲ್ಲದವರಿಗೆ ಬಹಳ ಸುಲಭ. ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳುತ್ತ ಮೂರು ಸಲ "ಅವನನ್ನು ಅರಿಯೆ" ಎಂದ ಶಿಷ್ಯ ಪೇತ್ರನ ಕೈಗೇ ಯೇಸು ತನ್ನ ಕುರಿಗಳನ್ನು ಒಪ್ಪಿಸಿದ. ಒಪ್ಪಿಸುವ ಮುಂಚೆ ಬೈಯಲಿಲ್ಲ. ದಂಡೆಯಲ್ಲಿ ಮೀನು ಸುಟ್ಟು ಉಣ್ಣಲು ಕರೆದ. ಸಭೆ ಮಾಡಬೇಕಾದ ಕೆಲಸ ಅಲ್ಲಿದೆ. ಧರ್ಮದ ಕಾಲಂನಲ್ಲಿ ಕ್ರಿಶ್ಚಿಯನ್ ಎಂದು ಬರೆಸಿದ ಹುಡುಗಿಯ ನರ್ಸಿಂಗ್ ಫೀಯನ್ನು ಕಾಣಿಕೆ ಹಣದಿಂದ ಕಟ್ಟಲಿ. ಹೊಸ ಗೇಟು, ಹೊಸ ಮೈಕ್‌ಸೆಟ್ಟು ಒಂದು ವರ್ಷ ತಡೆಯಲಿ. ಕ್ರೈಸ್ತರಾದ ದಲಿತರಿಗೂ ಪರಿಶಿಷ್ಟ ಜಾತಿಯ ಸ್ಥಾನ ಸಿಗಬೇಕೆಂದು ಆ ಪಟ್ಟಿಯಲ್ಲಿರುವವರೊಡನೆ ಕೂತು ಮಾತಾಡಲಿ, ಅವರ ಪಾಲು ಕರಗೀತೆಂಬ ಅಂಜಿಕೆಯನ್ನೂ ಕಿವಿಗೊಟ್ಟು ಕೇಳಲಿ. ಅದೆಲ್ಲ ಆಗುವತನಕ ಪಾಸ್ಟರು ಭಾನುವಾರದ ಬೋಧನೆಯಲ್ಲಿ ಹಿಂದಿನ ಸಾಲಿನವರ ಧೈರ್ಯ ಅಳೆಯುವುದನ್ನು ಬಿಡಲಿ.