ಬಣ್ಣ ಹಚ್ಚಿದ ಮೇಲೆ ಕಂಡ ಮುಖ

ಮನಸ್ಸಿನಲ್ಲಿ ಏನಿದೆ ಎಂದು ಕೇಳಿದರೆ ನಮ್ಮ ಮಂಡ್ಯದ ಕಡೆ ಜನ 'ಏನಿಲ್ಲ ಬುಡಿ' ಅನ್ನುತ್ತಾರೆ. ಅದೇ ಮನುಷ್ಯನ ಕೈಗೆ ಭಜನೆಯ ತಾಳ ಕೊಟ್ಟು ಅರ್ಧ ಗಂಟೆ ಸುಮ್ಮನೆ ಪಕ್ಕದಲ್ಲಿ ಕೂತಿರಿ.

*

ಚಿತ್ರ ಬರೆಯಲು ಬರುವುದಿಲ್ಲ ಎನ್ನುವವರೇ ಬರೆಯಬೇಕು. ಬರುವವರಿಗೆ ಮೆಚ್ಚಿಸುವ ಚಿಂತೆ. ಬಾರದವರಿಗೆ ಮುಚ್ಚಿಡುವ ಉಪಾಯ ಗೊತ್ತಿರುವುದಿಲ್ಲ.

*

ನಾಗಮಂಗಲ, ಪಾಂಡವಪುರದ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡುವವರು ವೃತ್ತಿನಟರಲ್ಲ. ಕಬ್ಬು ಬೆಳೆಯುವವರು, ಟ್ರ್ಯಾಕ್ಟರ್ ಓಡಿಸುವವರು, ಡೈರಿಗೆ ಹಾಲು ಹಾಕುವವರು. ಪಾರ್ಟಿಗೆ ತಾವೇ ದುಡ್ಡು ಕಟ್ಟುತ್ತಾರೆ. ಡ್ರಾಮಾ ಮೇಷ್ಟ್ರು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಹಾರ್ಮೋನಿಯಂ ಮುಂದೆ ಕೂತು ತಿಂಗಳುಗಟ್ಟಲೆ ಹಾಡು, ಮಾತು, ನಿಲ್ಲುವ ಠೀವಿ ಎಲ್ಲ ಕಲಿಸುತ್ತಾರೆ. ಹಗಲೆಲ್ಲ ನಾಲೆ ನೀರಿಗೆ ಕಾದು ಬಂದವನು ಆ ಹೊತ್ತಿನಲ್ಲಿ ಕರ್ಣ. ಕುಂತಿ ಬಂದು 'ಮಗನೇ' ಎನ್ನುವ ಸೀನು ಬಂತೆಂದರೆ ಅವನ ಗಂಟಲು ಕಟ್ಟುತ್ತದೆ, ಹಾಡಿನ ಎರಡನೆಯ ಸಾಲು ಹೊರಡುವುದೇ ಇಲ್ಲ. ಮೇಷ್ಟ್ರು ಗದರುವುದಿಲ್ಲ. ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈಯಲ್ಲಿ ಶ್ರುತಿ ಹಿಡಿದು, ತಲೆ ಬಗ್ಗಿಸಿಕೊಂಡು ಕಾಯುತ್ತಾರೆ. ಸುತ್ತ ಕೂತವರೂ ಬೀಡಿ ಆರಿಸಿ ಕಾಯುತ್ತಾರೆ. ಅವನ ತಾಯಿಯ ಸಂಗತಿ ಆ ಊರಿಗೆಲ್ಲ ಗೊತ್ತು, ಯಾರೂ ಎತ್ತುವುದಿಲ್ಲ. ಅವನು ಅಳುತ್ತಿರುವುದು ಕರ್ಣನಿಗಾಗಿ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ದೊಡ್ಡ ಆಸ್ಪತ್ರೆಯಲ್ಲಿ ನುರಿತವರು ಮಾಡುವ ಕೆಲಸದ ಒಂದು ಪಾಲು ಆ ಜಗಲಿಯ ಮೇಲೆ ನಡೆದುಹೋಗುತ್ತದೆ.

*

ದುರ್ಯೋಧನನ ಪಾರ್ಟಿಗೆ ಅಷ್ಟೊಂದು ಜನ ಯಾಕೆ ಮುಗಿಬೀಳುತ್ತಾರೆ? ಬಡವನ ಸಿಟ್ಟಿಗೆ ಬೇರೆ ಎಲ್ಲೂ ಜಾಗವಿಲ್ಲ.

*

ಆ ನಾಟಕದಲ್ಲಿ ಊರ ಹೆಣ್ಣುಮಕ್ಕಳಿಗೆ ಪಾರ್ಟು ಸಿಕ್ಕಿದ್ದು ಅಪರೂಪ. ದ್ರೌಪದಿ, ಕುಂತಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಮನೆಯ ಹೆಂಗಸರಿಗೆ ಇದ್ದದ್ದು ಬೆಳಗಿನ ಜಾವದ ರಾಗಿ ಕಲ್ಲು. ಅತ್ತೆಯ ಮಾತು, ದೂರದ ತವರು, ಉಳಿಯದೆ ಹೋದ ಕೂಸು ಎಲ್ಲವೂ ಅದರ ಮುಂದೆ ಹಾಡಾದವು. ಕಲ್ಲಿನ ಸದ್ದಿನಲ್ಲಿ ಪಕ್ಕದ ಕೋಣೆಗೆ ಪದ ಕೇಳುತ್ತಿರಲಿಲ್ಲ. ಹಾಡುವವಳಿಗೆ ಮಾತ್ರ ಕೇಳುತ್ತಿತ್ತು. ಮಿಲ್ಲು ಬಂದು ತೋಳಿನ ನೋವು ಹೋಯಿತು, ಅದು ಒಳ್ಳೆಯದೇ ಆಯಿತು. ಹೋದ ಆ ಬೆಳಗಿನ ಜಾವಕ್ಕೆ ಬದಲಾಗಿ ಅವಳಿಗೆ ಏನು ಕೊಟ್ಟೆವು?

*

ಅಂಥ ಹಾಡುಗಳನ್ನು ಊರೂರು ಅಲೆದು ಕೂಡಿಹಾಕಿದವರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ದೊಡ್ಡವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಹತ್ತಿರ ಜಾನಪದ ಲೋಕ ನಿಲ್ಲಿಸಿದರು. ಹಾಡು ಉಳಿಯಿತು. ಹಾಡಿಕೊಳ್ಳುವ ಅಭ್ಯಾಸವನ್ನು ಉಳಿಸುವುದು ಪರಿಷತ್ತಿನ ಕೈಲಿಲ್ಲ, ನಮ್ಮ ಮನೆಯ ಕೆಲಸ.

*

ಸಾವಾದ ಮನೆಯ ಮುಂದೆ ರಂಗೋಲಿ ಇರುವುದಿಲ್ಲ. ಸೂತಕ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಮನೆಯ ಸೊಸೆಯೋ ಮಗಳೋ ನೀರು ಹಾಕಿ ಗುಡಿಸಿ, ಬಾಗಿ ಕೂತು, ಹಿಟ್ಟು ಹಿಡಿದ ಬೆರಳನ್ನು ನೆಲದ ಮೇಲೆ ಹಾಗೇ ನಿಲ್ಲಿಸಿಕೊಳ್ಳುತ್ತಾಳೆ. ಮೊದಲ ಚುಕ್ಕಿ ಬೀಳಲು ಹೊತ್ತು ಹಿಡಿಯುತ್ತದೆ. ಎರಡನೆಯದಕ್ಕೆ ಅಷ್ಟು ಹಿಡಿಯುವುದಿಲ್ಲ.

*

ರಂಗೋಲಿಗೆ ಸ್ಪರ್ಧೆ ಇಟ್ಟೆವು. ಮೂವರಿಗೆ ಸ್ಟೀಲ್ ಡಬ್ಬಿ ಸಿಕ್ಕಿತು, ಉಳಿದವರು ತಮಗೆ ಬರುವುದಿಲ್ಲ ಎಂದು ತಿಳಿದುಕೊಂಡು ಮನೆಗೆ ಹೋದರು.

*

'ಕಲಾ ಚಿಕಿತ್ಸೆ' ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯ ಹಿಡಿದು ಆರೋಗ್ಯಧಾಮದಲ್ಲಿ ಮಲಗಿದ್ದಾಗ, ಹಾಸಿಗೆಯಿಂದ ಕಣ್ಣಿಗೆ ಬೀಳುವ ಸಾಮಾನುಗಳನ್ನೇ ಬರೆಯುತ್ತ ಚೇತರಿಸಿಕೊಂಡವನು ಅವನು. ಅದೇ 1942ರಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಬಂತು. ಹೆಂಡತಿಯ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳಲು ನಾಚುತ್ತಿದ್ದ ಗಂಡಸರು ಆ ಹಾಡುಗಳನ್ನು ಗುನುಗಿದರು. ತಾವೇ ಬರೆಯಲಾರದವರಿಗೆ ಇನ್ನೊಬ್ಬರ ಪದವೂ ದಾರಿಯಾಗುತ್ತದೆ.

*

ಹೊತ್ತಿಲ್ಲ ಎನ್ನುವವರು ಕೇಳಬೇಕು. ನರಸಿಂಹಸ್ವಾಮಿಯವರೂ, ಮೇಲುಕೋಟೆಯಲ್ಲಿ ಹುಟ್ಟಿ 'ಗೋಕುಲ ನಿರ್ಗಮನ' ಬರೆದ ಪು.ತಿ.ನ. ಅವರೂ ಕಚೇರಿಯ ಕಡತಗಳ ಮುಂದೆ ಕೂತು ಸಂಬಳ ತಂದು ಸಂಸಾರ ನಡೆಸಿದವರು.

*

ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿನಲ್ಲಿ 13ನೇ ಶತಮಾನದ ಲಕ್ಷ್ಮೀನಾರಾಯಣ ಗುಡಿ ಇದೆ. ಮೇಲಿನ ದೇವರುಗಳನ್ನು ಆಮೇಲೆ ನೋಡಿ, ಮೊದಲು ಕೆಳಗಿನ ಆನೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂರಿ. ದಿನವೂ ಆನೆ, ಮತ್ತೆ ಆನೆ. ಹೊಸದನ್ನು ಕೆತ್ತು ಎಂದು ಆ ಶಿಲ್ಪಿಗೆ ಯಾರೂ ಹೇಳಿರಲಾರರು. ಒಂದರ ಸೊಂಡಿಲು ಹೀಗೆ ಸುತ್ತಿದೆ, ಇನ್ನೊಂದರದು ಹಾಗೆ. ನಮ್ಮನ್ನು ನಾವು ಕಂಡುಕೊಳ್ಳಲು ಕೆಲಸ ಬಿಟ್ಟು ದೂರ ಹೋಗಬೇಕು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಮಾಡಿದ್ದನ್ನೇ ಮಾಡುವಾಗ ಕೈ ಎತ್ತ ತಿರುಗುತ್ತದೆ ಎಂದು ನೋಡಿದರೆ ಸಾಕು.

*

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಕಟ್ಟಿದ್ದು 1784ರಲ್ಲಿ. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನವಿದೆ: ಕುದುರೆಗಳ ಸಾಲು, ಸುತ್ತುವರಿಯಲ್ಪಟ್ಟ ಇಂಗ್ಲಿಷ್ ಪಡೆ, ನಡುವೆ ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೈಲಿ. ಗೆದ್ದದ್ದನ್ನು ಬರೆಸಲು ಚಿತ್ರಕಾರರು ಸಿಗುತ್ತಾರೆ. ಸೋತದ್ದನ್ನು ನಾವೇ ಬರೆದುಕೊಳ್ಳಬೇಕು.

*

ಬರೆದುಕೊಂಡ ಕೂಡಲೇ ಹಗುರವಾಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರೊಬ್ಬರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ತುಂಬ ಕಾಡಿದ ಘಟನೆಯನ್ನು ಬರೆದರು. ಬರೆದೆದ್ದಾಗ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಮುಂದಿನ ತಿಂಗಳುಗಳಲ್ಲಿ, ಘಟನೆಯ ಜೊತೆಗೆ ತಮಗೆ ಅನಿಸಿದ್ದನ್ನೂ ಬರೆದವರು ವೈದ್ಯರ ಬಳಿ ಹೋದದ್ದು ಕಡಿಮೆ.

*

ಡ್ರೆಕ್ಸೆಲ್ ವಿಶ್ವವಿದ್ಯಾಲಯದವರ 2016ರ ಅಧ್ಯಯನ ಇನ್ನೊಂದು. 39 ವಯಸ್ಕರಿಗೆ 45 ನಿಮಿಷ ಬಣ್ಣ, ಜೇಡಿಮಣ್ಣು, ಕಾಗದ ಕೊಟ್ಟರು. ಒತ್ತಡದ ಗುರುತಾದ ಕಾರ್ಟಿಸಾಲ್ ಸುಮಾರು ಮುಕ್ಕಾಲು ಪಾಲು ಜನರಲ್ಲಿ ತಗ್ಗಿತು. ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮಾತು ಬೇಡ. ಆದರೆ ಚಿತ್ರ ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಬೇಕು.

*

ಮಗು ಕಪ್ಪು ಬಣ್ಣ ಬಳಿದರೆ ಗಾಬರಿಯಾಗಿ ಅರ್ಥ ಹಚ್ಚಬೇಡಿ. 'ಇದು ಆನೇನಾ?' ಎಂದು ನೀವೇ ಹೆಸರಿಡಲೂ ಬೇಡಿ. 'ಇಲ್ಲಿ ಏನಾಗ್ತಿದೆ, ಹೇಳು ಕಂದ' ಎಂದು ಕೇಳಿ, ಹೇಳದಿದ್ದರೆ ಬಿಟ್ಟುಬಿಡಿ.

*

ಪೂಜೆ ಕುಣಿತದವನು ತಲೆಯ ಮೇಲೆ ಅಷ್ಟೆತ್ತರದ ಪೂಜೆಯ ಚೌಕಟ್ಟು ಹೊತ್ತು, ಕೈ ಬಿಟ್ಟು ಕುಣಿಯುತ್ತಾನೆ. ಬೀಳಿಸದಿರಲು ಅವನು ಬಿಗಿದುಕೊಂಡು ನಿಲ್ಲುವುದಿಲ್ಲ, ಕಾಲು ಆಡಿಸುತ್ತಲೇ ಇರುತ್ತಾನೆ.

*

ಕಲೆಯ ಮೇಲೆ ಹೊರಲಾರದ ಹೊರೆ ಹೊರಿಸಬಾರದು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರಾದ ಮೇಲೊಬ್ಬರು ಜೀವ ಕಳೆದುಕೊಂಡಾಗ ಅವರಿಗೆ ಬೇಕಿದ್ದದ್ದು ಬೆಳೆಗೆ ಬೆಲೆ, ಕಾರ್ಖಾನೆಯಿಂದ ಬರಬೇಕಿದ್ದ ಬಾಕಿ, ಸಾಲಕ್ಕೆ ದಾರಿ. ಹಾಡು ಸಾಲ ತೀರಿಸದು. ಖಿನ್ನತೆ ಹಿಡಿದವರಿಗೆ ವೈದ್ಯರೂ ಬೇಕು, ಮಾತ್ರೆಯೂ ಬೇಕಾಗಬಹುದು. ಬಣ್ಣದ ಡಬ್ಬಿ ಕೊಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ.

*

ಆದರೆ ಒಂದು ಕೆಲಸ ನಮ್ಮಿಂದ ಆಗುತ್ತದೆ. ನಾಟಕದ ಪ್ರಾಕ್ಟೀಸಿಗೆ, ಭಜನೆಗೆ, ಸೋಬಾನೆಗೆ ತಪ್ಪದೆ ಬರುತ್ತಿದ್ದವರು ಬರುವುದು ನಿಲ್ಲಿಸಿದರೆ ಅವರ ಮನೆಗೆ ಹೋಗಿ. ಯಾಕೆ ಬರಲಿಲ್ಲ ಎಂದು ಜೋರು ಮಾಡಬೇಡಿ, ಸ್ವಲ್ಪ ಹೊತ್ತು ಕೂತು ಬನ್ನಿ. 'ಏನಿಲ್ಲ ಬುಡಿ' ಎಂದರೂ ಮಾರನೆಯ ದಿನ ಇನ್ನೊಮ್ಮೆ ಹೋಗಿ. ಬದುಕೇ ಸಾಕು ಎನ್ನುವ ಮಾತು ಬಂದರೆ ಒಬ್ಬರನ್ನೇ ಬಿಟ್ಟು ಬರಬೇಡಿ. ಅವರ ಎದುರಿಗೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.