ಬೆರಳಚ್ಚಿನಲ್ಲಿ ಸಿಗದ ಬುದ್ಧಿ

ಮಗುವಿನ ಹತ್ತೂ ಬೆರಳುಗಳನ್ನು ಒಂದೊಂದಾಗಿ ಸ್ಕ್ಯಾನರಿನ ಗಾಜಿನ ಮೇಲೆ ಒತ್ತಿಸಿಕೊಂಡು, ಆಮೇಲೊಂದು ದಿನ ಬಣ್ಣಬಣ್ಣದ ರಿಪೋರ್ಟ್ ಕೈಗಿಡುವ ವ್ಯಾಪಾರ ನಮ್ಮ ನಗರಗಳಲ್ಲಿ ನಡೆದಿದೆ. ಡಿಎಂಐಟಿ ಎಂದು ಅದರ ಹೆಸರು. ಭಾಷೆಯ ಬುದ್ಧಿ ಶೇಕಡಾ ಇಷ್ಟು, ಸಂಗೀತದ್ದು ಇಷ್ಟು, ತರ್ಕದ್ದು ಇಷ್ಟು ಎಂದು ಅಳೆದು ಕೊಡುತ್ತಾರೆ. ಮಗು ಮುಂದೆ ಏನಾಗಬೇಕೆಂಬ ಸಲಹೆಯೂ ಜೊತೆಗಿರುತ್ತದೆ. ಬೆರಳ ಗೆರೆ ನೋಡಿ ಬುದ್ಧಿಯ ಬಗೆ ಹೇಳಬಹುದೆನ್ನಲು ವೈಜ್ಞಾನಿಕ ಆಧಾರವೇ ಇಲ್ಲ. ಜಾತಕವೆಂದರೆ ಮೂಗು ಮುರಿಯುವ ಅಪ್ಪ ಅಮ್ಮಂದಿರೂ ಇದಕ್ಕೆ ಸಾವಿರಗಟ್ಟಲೆ ಸುರಿಯುತ್ತಾರೆ.

ಆದರೆ ರಿಪೋರ್ಟಿನಲ್ಲಿರುವ ಪಟ್ಟಿ ಬಂದದ್ದು ಗಂಭೀರವಾದ ಪುಸ್ತಕವೊಂದರಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದ ಹೋವರ್ಡ್ ಗಾರ್ಡ್ನರ್ 1983ರಲ್ಲಿ ‘ಫ್ರೇಮ್ಸ್ ಆಫ್ ಮೈಂಡ್’ ಬರೆದು, ಬುದ್ಧಿ ಒಂದಲ್ಲ, ಏಳು ಎಂದರು: ಭಾಷೆ, ತರ್ಕ-ಗಣಿತ, ಸಂಗೀತ, ಆಕಾರ-ಸ್ಥಳಗಳ ಗ್ರಹಿಕೆ, ಮೈಕೈಯ ಚಾತುರ್ಯ, ಪರರನ್ನು ಅರಿಯುವುದು, ತನ್ನನ್ನು ಅರಿಯುವುದು. ನಿಸರ್ಗವನ್ನು ಓದುವ ಎಂಟನೆಯದು ಆಮೇಲೆ ಸೇರಿತು. ಮೇಷ್ಟ್ರುಗಳಿಗೆ ಇದು ಬಹಳ ಹಿಡಿಸಿತು. ಮನಶ್ಶಾಸ್ತ್ರಜ್ಞರಲ್ಲಿ ಹಲವರು ಒಪ್ಪಲಿಲ್ಲ. ಒಂದು ಬಗೆಯ ಪರೀಕ್ಷೆಯಲ್ಲಿ ಮುಂದಿರುವವರು ಸಾಮಾನ್ಯವಾಗಿ ಇನ್ನೊಂದರಲ್ಲೂ ಮುಂದಿರುತ್ತಾರೆ ಎಂಬುದನ್ನು 1904ರಲ್ಲೇ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ತೋರಿಸಿದ್ದರಲ್ಲ, ಅದಕ್ಕೇನು ಉತ್ತರ ಎಂಬುದು ಅವರ ತಕರಾರು. ತಕರಾರಿನಲ್ಲಿ ಹುರುಳಿದೆ.

ಹಾಗಾದರೆ ಬೆಂಗಳೂರಿನ ಶಕುಂತಲಾದೇವಿಯನ್ನು ಏನೆನ್ನುವುದು? ಸರ್ಕಸ್ ಕಲಾವಿದನ ಮಗಳು, ಶಾಲೆ ಕಲಿತದ್ದು ಇಲ್ಲವೆನ್ನುವಷ್ಟು ಕಡಿಮೆ. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಮುಂದೆ ಅವರನ್ನು ಪರೀಕ್ಷಿಸಿದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಬುದ್ಧಿ ಒಂದೇ ಎಂಬ ಪಕ್ಷದ ಕಟ್ಟಾಳು. ಎಲ್ಲ ಕೆಲಸದಲ್ಲೂ ಈಕೆಯ ಮಿದುಳು ಮಿಂಚಿನಂತೆ ಓಡಬಹುದೇ ಎಂದು ಅಳೆದು ನೋಡಿದರು. 1990ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರು ಅಳೆದ ಸರಳ ಕೆಲಸಗಳಲ್ಲಿ ಶಕುಂತಲಾದೇವಿಯ ವೇಗದಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ. ಅವರ ಅದ್ಭುತ ವೇಗ ಅಂಕಿಗಳನ್ನು ಕಂಡಾಗ ಮಾತ್ರ ಏಳುತ್ತಿತ್ತು. ಎದುರು ಪಕ್ಷದವರೇ ಕೊಟ್ಟ ಸಾಕ್ಷಿಯಾದ್ದರಿಂದ ನನಗೆ ಇದರ ಮೇಲೆ ಹೆಚ್ಚು ನಂಬಿಕೆ.

ಹೀಗೆ ಎರಡೂ ಕಡೆ ಸಾಕ್ಷಿ ಇರುವುದರಿಂದ, ಬುದ್ಧಿ ಎಷ್ಟು ಬಗೆಯದು ಎಂಬ ಲೆಕ್ಕ ಏಳಕ್ಕೆ ನಿಲ್ಲಲಿ, ಎಂಟಕ್ಕೆ ನಿಲ್ಲಲಿ, ಅದು ಅಂಥ ದೊಡ್ಡ ವಿಷಯವಲ್ಲ. ಬಲ ಒಳಗೆ ಸಿದ್ಧವಾಗಿ ಕೂತಿರುತ್ತದೆ, ಪರೀಕ್ಷೆ ಮಾಡಿದರೆ ಹೊರಬೀಳುತ್ತದೆ ಎಂದುಕೊಂಡಿದ್ದೇವಲ್ಲ, ಜಗಳ ತೆಗೆಯಬೇಕಾದದ್ದು ಅಲ್ಲಿ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೋಡಿ. ಹಾಲಕ್ಕಿ ಒಕ್ಕಲಿಗರ ಮನೆ. ತಂದೆ ಬೇಗ ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಮ್ಮನ ಜೊತೆ ನರ್ಸರಿಗೆ ಕೂಲಿಗೆ ಹೋದರು. ಬೀಜ ಒಣಗಿಸುವುದು, ಮಣ್ಣು ತುಂಬುವುದು, ಸಸಿಗೆ ನೀರು ಹಾಕುವುದು, ಇಷ್ಟೇ ಕೆಲಸ. ಅದನ್ನೇ ಮಾಡುತ್ತ ಮಾಡುತ್ತ, ಕಾಡಿನಲ್ಲಿ ಒಂದು ಜಾತಿಗೆ ಯಾವುದು ಒಳ್ಳೆಯ ತಾಯಿಮರ, ಅದರ ಬೀಜ ಯಾವ ಹದದಲ್ಲಿ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದರಲ್ಲಿ ಅರಣ್ಯಾಧಿಕಾರಿಗಳೇ ಅವರನ್ನು ಕೇಳುವಂತಾಯಿತು. ಅವರಿಗೆ 2020ರ ಪದ್ಮಶ್ರೀ ಘೋಷಣೆಯಾಯಿತು; ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಇದು ಗಾರ್ಡ್ನರ್ ಅವರ ಎಂಟನೆಯ ಬುದ್ಧಿಗೆ ಪಕ್ಕಾ ಉದಾಹರಣೆ ಎಂದು ಹೇಳಿ ಮುಗಿಸಬಹುದು. ಆದರೆ ಹಾಗೆಂದರೆ ಏನೂ ವಿವರಿಸಿದಂತಾಗಲಿಲ್ಲ. ಆ ನರ್ಸರಿ ಸಿಗದೆ ಇನ್ನಾವುದೋ ಊರಿನ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗಿದ್ದರೆ? ಅದೇ ತಲೆ, ಅದೇ ಕೈ. ನಾವು ಹೆಸರೂ ಕೇಳುತ್ತಿರಲಿಲ್ಲ. ಬಡತನವೇ ಗುರು ಎಂದು ನಾನು ಹಾಡುತ್ತಿಲ್ಲ. ಕೂಲಿಗೆ ಹೋಗಬೇಕಾದ ಮಕ್ಕಳಲ್ಲಿ ಹೆಚ್ಚಿನವರ ಪಾಲಿಗೆ ಆ ಇಟ್ಟಿಗೆ ಗೂಡೇ ಬರುತ್ತದೆ.

ತನ್ನ ಬಲ ಯಾವುದೆಂದು ತಿಳಿಯುವುದು ಹೀಗೆಯೇ: ಕೆಲಸ ಕೈಗೆ ಸಿಗಬೇಕು, ಬೇಸರ ಬಂದ ಮೇಲೂ ಸ್ವಲ್ಪ ಕಾಲ ಅದರಲ್ಲೇ ಇರಬೇಕು. ಮೊದಲ ತಿಂಗಳಲ್ಲಿ ತಬಲಾ ಯಾರ ಕೈಗೂ ಒಲಿಯುವುದಿಲ್ಲ. ಹತ್ತು ವರ್ಷದ ಹುಡುಗನಿಗೆ ‘ನಿನ್ನದು ಸಂಗೀತದ ಬುದ್ಧಿ, ಗಣಿತದ್ದಲ್ಲ’ ಎಂದು ಚೀಟಿ ಅಂಟಿಸಿದರೆ, ಭಿನ್ನರಾಶಿ ಕಷ್ಟವಾದ ದಿನವೇ ಅವನು ಪುಸ್ತಕ ಮುಚ್ಚುತ್ತಾನೆ. ‘ದಡ್ಡ’ ಎನ್ನುವ ಹಳೆಯ ಮೇಷ್ಟ್ರಿಗೂ ಈ ಹೊಸ ಚೀಟಿಗೂ ನನಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಇದು ನಯವಾಗಿ ಹೇಳುತ್ತದೆ, ಅಷ್ಟೇ.

ಹಾಗೆ ಕೆಲಸ ಕೈಗೆ ಸಿಗಲೆಂದು ನಮ್ಮ ಶಾಲೆಗಳಲ್ಲಿ ಡ್ರಾಯಿಂಗ್, ಸಂಗೀತ, ಪಿ.ಟಿ. ಎಂದು ಟೈಮ್‌ಟೇಬಲಿನಲ್ಲಿ ಬರೆದಿರುತ್ತದೆ. ಹತ್ತನೇ ತರಗತಿಗೆ ಬಂದರೆ ಆ ಪೀರಿಯಡ್ಡುಗಳು ಎಸ್ಸೆಸ್ಸೆಲ್ಸಿ ಹೆಸರಿನಲ್ಲಿ ಗಣಿತ, ವಿಜ್ಞಾನದ ಪಾಲಾಗುತ್ತವೆ, ಹಲವೆಡೆ ಎಂಟನೆಯಿಂದಲೇ. ಅಪ್ಪ ಅಮ್ಮಂದಿರೇ, ಬೆರಳಚ್ಚಿನ ರಿಪೋರ್ಟಿಗೆ ದುಡ್ಡು ಕೊಡುವ ಬದಲು ಮುಂದಿನ ಪೋಷಕರ ಸಭೆಯಲ್ಲಿ ಎದ್ದು ನಿಂತು ಆ ಪೀರಿಯಡ್ಡುಗಳನ್ನು ಮಕ್ಕಳಿಗೆ ವಾಪಸ್ ಕೇಳಿ.